ಮೂಗಿಗೆ ಬೆಳ್ಳುಳ್ಳಿ ಇಟ್ಟರೆ ಸೈನಸ್ ವಾಸಿಯಾಗುತ್ತಾ? ಸತ್ಯಾಂಶ ಇಲ್ಲಿದೆ

"ರಾತ್ರಿ ಎರಡೂ ಹೊಳ್ಳೆಗೆ ಬೆಳ್ಳುಳ್ಳಿ ಎಸಳು ಇಟ್ಟುಕೊಳ್ಳಿ. ಸೈನಸ್ ಮಾಯ, ವಾರೆಯಾದ ಮೂಗಿನ ಮೂಳೆಯೂ ನೇರ. ಆಪರೇಷನ್ ಬೇಡ." ಮಳೆ ಹಿಡಿದರೆ ಸಾಕು, ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಇಂಥದ್ದು ಓಡಾಡುತ್ತದೆ. ದಯವಿಟ್ಟು ನಂಬಬೇಡಿ.

ಎಸಳು ತೆಗೆದಾಗ ಸಿಂಬಳ ಸುರಿಯುವುದು ನಿಜ. ಆದರೆ ಅದು ಸೈನಸ್, ಅಂದರೆ ಮುಖದ ಮೂಳೆಗಳೊಳಗಿನ ಗಾಳಿಗೂಡು, ಖಾಲಿಯಾದ ಗುರುತಲ್ಲ. ಬೆಳ್ಳುಳ್ಳಿಯ ಘಾಟಿಗೆ ಮೂಗಿನ ಒಳಪೊರೆ ಉರಿಯುತ್ತದೆ, ಆ ಉರಿಗೆ ಜಾಸ್ತಿ ನೀರು ಸುರಿಸುತ್ತದೆ. ಒಳಗೆ ಗಾಯವಾಗಬಹುದು, ಎಸಳು ಸಿಕ್ಕಿಕೊಳ್ಳಲೂಬಹುದು.

ಇನ್ನು ಆ ಮೆಸೇಜಿನ 'ಮೂಗಿನ ಮೂಳೆ' ಅಂದರೆ ಹೊಳ್ಳೆಗಳ ನಡುವಿನ ಗೋಡೆ. ಅದು ಮೃದ್ವಸ್ಥಿ ಮತ್ತು ಮೂಳೆಯಿಂದ ಆದದ್ದು. ಎಣ್ಣೆ, ಹಬೆ, ಮಾತ್ರೆ ಯಾವುದೂ ಅದನ್ನು ನೇರ ಮಾಡಲಾರದು. ಹಾಗಂತ ವಾರೆ ಇರುವವರಿಗೆಲ್ಲ ಆಪರೇಷನ್ ಬೇಕಿಲ್ಲ. ಬಹಳ ಜನರಿಗೆ ಸ್ವಲ್ಪ ವಾರೆ ಇದ್ದೇ ಇರುತ್ತದೆ, ತೊಂದರೆ ಇರಲ್ಲ. ಮುಖ್ಯವಾಗಿ ಉಸಿರಾಟಕ್ಕೆ ನಿಜವಾಗಿ ಅಡ್ಡಿಯಾದರೆ ಸೆಪ್ಟೋಪ್ಲಾಸ್ಟಿ, ಅಂದರೆ ಆ ಗೋಡೆ ನೇರ ಮಾಡುವ ಆಪರೇಷನ್. ಸಾಮಾನ್ಯವಾಗಿ ಹೊಳ್ಳೆಯ ಒಳಗಿಂದಲೇ ಮಾಡುತ್ತಾರೆ, ಮುಖದ ಮೇಲೆ ಕಲೆ ಉಳಿಯಲ್ಲ.

ಮೂಗು ಕಟ್ಟುವುದು, ಮುಖ ಭಾರ, ವಾಸನೆ ತಿಳಿಯದಿರುವುದು 12 ವಾರ ದಾಟಿದರೆ ಇಎನ್‌ಟಿ (ಕಿವಿ-ಮೂಗು-ಗಂಟಲು) ವೈದ್ಯರಿಗೆ ತೋರಿಸಿ. ಮಡಿಕೇರಿಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಅಲ್ವಾ? ವೈದ್ಯರು ಮೂಗಿನೊಳಗೆ ಎಂಡೋಸ್ಕೋಪ್ (ಒಳಗಡೆ ನೋಡುವ ಸಣ್ಣ ಕೊಳವೆ) ಹಾಕಿ ನೋಡುತ್ತಾರೆ, ಬೇಕಾದರೆ ಸಿಟಿ ಸ್ಕ್ಯಾನ್. ಬಹುತೇಕರಿಗೆ ಮೊದಲು ಸ್ಟೀರಾಯ್ಡ್ ಸ್ಪ್ರೇ, ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯುವುದು. ಮನೆ ಗೋಡೆಯ ಬೂಷ್ಟಿನ ಅಲರ್ಜಿ ಇದ್ದರೆ ಅದನ್ನೂ ಹೇಳಿ.

ಮೆಡಿಕಲ್ ಅಂಗಡಿಯ ಮೂಗು ಬಿಡಿಸುವ ಡ್ರಾಪ್ಸ್ ಅನ್ನು ಸುಮ್ನೆ ವಾರಗಟ್ಟಲೆ ಹಾಕಬೇಡಿ, ಕಟ್ಟುವುದು ಇನ್ನೂ ಹೆಚ್ಚುತ್ತದೆ. ಕಣ್ಣಿನ ಸುತ್ತ ಊತ, ಎರಡೆರಡು ಕಾಣುವುದು, ಜೋರು ಜ್ವರದ ಜೊತೆ ತಲೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.