ಪುಟ ತೆರೆಯದಿದ್ದರೆ ಫಾರ್ಮ್ಯಾಟ್ ಮಾಡುವುದೇ?

ಬ್ರೌಸರ್‌ನಲ್ಲಿ ಪುಟ ತೆರೆಯುತ್ತಿಲ್ಲ ಎಂದ ಮಾತ್ರಕ್ಕೆ ಇಡೀ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಲು ಹೊರಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇವತ್ತು ಸಂಜೆ ಪಕ್ಕದ ಮನೆಯ ಮೇಷ್ಟರ ಕಂಪ್ಯೂಟರಿಗೂ ಅದೇ ಗತಿಯಾಗುತ್ತಿತ್ತು. ನಾನು ಹೋಗುವ ಹೊತ್ತಿಗೆ ಅಂಗಡಿಯ ಹುಡುಗ ಪೆನ್‌ಡ್ರೈವ್ ಚುಚ್ಚಿ ಆಗಿತ್ತು. "ವಿಂಡೋಸ್ ಕೆಟ್ಟಿದೆ ಸಾರ್, ಹೊಸದಾಗಿ ಹಾಕಿದರೆ ಸರಿಹೋಗುತ್ತದೆ. ಡಿ ಡ್ರೈವ್‌ನಲ್ಲಿ ಇರುವುದು ಏನೂ ಹೋಗುವುದಿಲ್ಲ" ಎನ್ನುತ್ತಿದ್ದ. ಮೇಷ್ಟರ ಡಿ ಡ್ರೈವ್ ಖಾಲಿ! ಸುತ್ತಲಿನ ಊರುಗಳನ್ನು ಅಲೆದು ತೆಗೆದ ಶಾಸನಗಳ ಫೋಟೋ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಅವುಗಳ ಪಾಠ, ಎಲ್ಲವೂ ಇದ್ದದ್ದು ಡೆಸ್ಕ್‌ಟಾಪ್ ಮೇಲೆ. ಡೆಸ್ಕ್‌ಟಾಪ್ ಎಂದರೆ ಸಿ ಡ್ರೈವ್, ಫಾರ್ಮ್ಯಾಟ್ ಮಾಡಿದರೆ ಅಳಿಸಿಹೋಗುವುದೇ ಅದು. ಅದನ್ನು ಆ ಹಿರಿಯರಿಗೆ ಹೇಳಬೇಕಾದವರು ಯಾರು?

ಪರದೆಯನ್ನು ಯಾರೂ ಓದಿರಲಿಲ್ಲ. "ನಿಮ್ಮ ಗಡಿಯಾರ ಹಿಂದಿದೆ" ಎಂದು ಕ್ರೋಮ್ ದೊಡ್ಡ ಅಕ್ಷರದಲ್ಲಿ ಹೇಳುತ್ತಿತ್ತು. ಬಲಗಡೆಯ ಕೆಳಮೂಲೆಯಲ್ಲಿ 2015ರ ಜನವರಿ ಕುಳಿತಿತ್ತು. ಪ್ರತಿ ಸುರಕ್ಷಿತ ತಾಣವೂ ತನ್ನ ಗುರುತಿಗೆ ಒಂದು ಪ್ರಮಾಣಪತ್ರ ಕೊಡುತ್ತದೆ. ಅದು ಇಂತಹ ದಿನದಿಂದ ಇಂತಹ ದಿನದವರೆಗೆ ಮಾತ್ರ ಊರ್ಜಿತ. ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಹುಟ್ಟಿಯೇ ಇಲ್ಲದಿದ್ದರೆ ಬ್ರೌಸರ್ ಬಾಗಿಲು ತೆರೆಯುವುದಾದರೂ ಹೇಗೆ? ತಾರೀಖು ಸರಿಪಡಿಸಿದೆ, ಪುಟಗಳು ತೆರೆದುಕೊಂಡವು. ಮೂಲ ದೋಷ ಮದರ್‌ಬೋರ್ಡ್ ಮೇಲಿನ ಸಿಆರ್ 2032 ಎಂಬ ಬಿಲ್ಲೆಯಾಕಾರದ ಸೆಲ್. ಅದರ ಜೀವ ಮುಗಿದರೆ, ವಿದ್ಯುತ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತದೆ. ಅದರ ಬೆಲೆ ಒಂದು ಮಸಾಲೆ ದೋಸೆಯಷ್ಟೂ ಇಲ್ಲ.

ಅಂಗಡಿಯವರಿಗೆ ಸಮಯವಿಲ್ಲ, ಒಂದೊಂದನ್ನೂ ಹುಡುಕುತ್ತಾ ಕುಳಿತರೆ ಹೊಟ್ಟೆ ತುಂಬುವುದಿಲ್ಲ ಎನ್ನುತ್ತಾರೆ. ಅವರ ಕಷ್ಟ ನನಗೆ ಗೊತ್ತು; ಕಾಲೇಜಿನ ಲ್ಯಾಬ್ ನೋಡಿಕೊಳ್ಳುವ ನನ್ನ ಪಾಡೂ ಅದೇ. ಆದರೆ ವಿಂಡೋಸ್ ಹೊಸದಾಗಿ ಹಾಕಲು ಅರ್ಧ ದಿನ ಬೇಕು, ತಾರೀಖು ನೋಡಲು ಒಂದು ಕಣ್ಣೋಟ ಸಾಕು. ಫಾರ್ಮ್ಯಾಟ್ ಮಾಡಿದರೆ ಸತ್ತ ಸೆಲ್‌ಗೆ ಜೀವ ಬರುವುದೂ ಇಲ್ಲ.

ಕಂಪ್ಯೂಟರಿನದೇ ತಪ್ಪು ಎಂದು ಏಕೆ ಹಠ ಹಿಡಿಯಬೇಕು? 2021ರ ಸೆಪ್ಟೆಂಬರ್ 30ರಂದು, ತಾಣಗಳಿಗೆ ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಪ್ರಮಾಣಪತ್ರಗಳಿಗೆ ಆಧಾರವಾಗಿದ್ದ ಒಂದು ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದು, ಎಷ್ಟೋ ಹಳೆಯ ಸಾಧನಗಳಲ್ಲಿ ತಾಣಗಳು ತೆರೆಯದಾದವು. ಆಗ ಯಂತ್ರ ಒರೆಸಿ ಹಳೆಯ ವ್ಯವಸ್ಥೆಯನ್ನೇ ಮತ್ತೆ ಹಾಕಿದವರಿಗೆ ಏನು ಸಿಕ್ಕಿತು? ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪುಟ ತೆವಳಿದರೆ ಭಾರ ಸರ್ವರಿನ ಮೇಲೆ ಬಿದ್ದಿರುತ್ತದೆ, ನಿಮ್ಮ ಯಂತ್ರ ನಿರಪರಾಧಿ.

ಒಂದೇ ತಾಣ ತೆರೆಯುತ್ತಿಲ್ಲವೋ ಎಲ್ಲವೂ ತೆರೆಯುತ್ತಿಲ್ಲವೋ ಎಂದು ಕೇಳಿ. ಅದೇ ವೈಫೈಯಲ್ಲಿ ಮೊಬೈಲ್ ಏನು ಹೇಳುತ್ತದೆ ನೋಡಿ. ಬ್ರೌಸರಿನ ಇನ್‌ಕಾಗ್ನಿಟೋ (ಖಾಸಗಿ) ಕಿಟಕಿಯಲ್ಲಿ ಪುಟ ತೆರೆದುಕೊಂಡರೆ, ಬ್ರೌಸರಿಗೆ ಸೇರಿಸಿಕೊಂಡ ಯಾವುದೋ ಎಕ್ಸ್‌ಟೆನ್ಷನ್ ಅಥವಾ ತಾಣ ಉಳಿಸಿಟ್ಟ ಹಳೆಯ ಕುಕಿ ಅಡ್ಡ ನಿಂತಿರಬಹುದು. ಸರ್ವರಿನ ವಿಳಾಸ ಸಿಗುತ್ತಿಲ್ಲ ಎಂದು ಬಂದರೆ ತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಡಿಎನ್ಎಸ್ ಕಡೆ ನೋಡಿ. ಇಷ್ಟನ್ನೂ ಮಾಡದೆ ಒಬ್ಬರ ವರ್ಷಗಳ ದುಡಿಮೆಗೆ ಕೈ ಹಾಕುವ ಅಧಿಕಾರ ಯಾರಿಗೂ ಇಲ್ಲ.

ಸ್ನೇಹಿತರ ಬಳಗದಲ್ಲಿರುವ ಅಂಗಡಿಯವರೇ, ನನ್ನ ಮೇಲೆ ಕೋಪ ಬಂದರೆ ಬರಲಿ. ನಾಳೆ ಯಾರ ಮನೆಗಾದರೂ ಹೋದಾಗ ಪೆನ್‌ಡ್ರೈವ್ ಜೇಬಿನಲ್ಲೇ ಇರಲಿ, ಮೊದಲು ಪರದೆ ಓದಿ.