ಕದ್ದು ಉಸಿರೆಳೆಯುವ ವಿದ್ಯೆ

'ಸಂಗೀತ ಎಲ್ಲ ನೋವಿಗೂ ಮದ್ದು' ಅನ್ನುವ ಫಾರ್ವರ್ಡ್ ಇವತ್ತು ಬೆಳಿಗ್ಗೆ ಮೂರು ವಾಟ್ಸಾಪ್ ಗುಂಪುಗಳಿಂದ ಬಂತು, ಜೊತೆಗೆ ಸೂರ್ಯೋದಯದ ಚಿತ್ರ ಬೇರೆ. ಮಂಗಳೂರಿನ ಚರ್ಚೊಂದರ ಕ್ವಾಯರ್‌ನಲ್ಲಿ ಇಪ್ಪತ್ತಾರು ವರ್ಷದಿಂದ ಹಾಡುತ್ತಿರುವ ನನಗೆ ಈ ಮಾತು ಕೇಳಿದರೆ ಸ್ವಲ್ಪ ಸಿಟ್ಟೇ ಬರುತ್ತದೆ. ನಾವು ಹಾಡಿದ್ದಕ್ಕೆ ಯಾರ ಜ್ವರವೂ ಇಳಿದದ್ದನ್ನು ನಾನು ಕಂಡಿಲ್ಲ. ಆದರೂ ಕಷ್ಟ ಬಂದಾಗ ಜನ ಒಟ್ಟು ಸೇರಿ ಹಾಡುತ್ತಾರಲ್ಲ, ಅದು ಯಾಕೆ? ಈ ಪ್ರಶ್ನೆ ಬಂದಾಗೆಲ್ಲ ನನಗೆ ನೆನಪಾಗುವುದು ಇಂದಿನ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಒಂದು ಸೆರೆ ಕ್ಯಾಂಪು.

1942ರ ಫೆಬ್ರವರಿಯಲ್ಲಿ ಸಿಂಗಾಪುರ ಜಪಾನೀಯರ ವಶವಾಯಿತು. ಹಡಗು ಹತ್ತಿ ತಪ್ಪಿಸಿಕೊಳ್ಳಲು ಹೊರಟು ಸಿಕ್ಕಿಬಿದ್ದ ಬ್ರಿಟಿಷ್ ಹೆಂಗಸರು, ಆಸ್ಟ್ರೇಲಿಯದ ನರ್ಸುಗಳು, ಆ ದ್ವೀಪಗಳಲ್ಲೇ ನೆಲೆಸಿದ್ದ ಡಚ್ಚರು, ಎಲ್ಲರೂ ಮಕ್ಕಳ ಸಮೇತ ಪಾಲೆಂಬಾಂಗ್‌ನ ಕ್ಯಾಂಪು ಸೇರಿದರು. ಅವರಲ್ಲಿ ಮಾರ್ಗರೆಟ್ ಡ್ರೈಬರ್ಗ್ ಎಂಬ ಮಿಷನರಿ ಇದ್ದರು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಸಂಗೀತ ಕಲಿತ ನೋರಾ ಚೇಂಬರ್ಸ್ ಕೂಡ ಇದ್ದರು. ಹತ್ತಿರ ವಾದ್ಯವಿಲ್ಲ, ಸ್ವರಲಿಪಿಯ ಪುಸ್ತಕವಿಲ್ಲ. ಡ್ರೈಬರ್ಗ್ ಅವರ ತಲೆಯಲ್ಲಿ ಮಾತ್ರ ಎಲ್ಲವೂ ಇತ್ತು. ಆರ್ಕೆಸ್ಟ್ರಾದ, ಪಿಯಾನೋದ ಕೃತಿಗಳನ್ನು ನೆನಪಿನಿಂದಲೇ ಎತ್ತಿ, ಹೆಂಗಸರ ನಾಲ್ಕು ಧ್ವನಿಗಳಿಗೆ ಹಂಚಿ, ಸಿಕ್ಕಿದ ಕಾಗದದ ಮೇಲೆ ಬರೆದರು. ಅದನ್ನು ಹಾಡಿಸಿದವರು ನೋರಾ. ಸಾಹಿತ್ಯವೇ ಇಲ್ಲದ ಹಾಡು ಅದು. ಬರೀ ಆ, ಊ, ಹೂಂಕಾರ. ಒಬ್ಬರದು ಡಚ್, ಇನ್ನೊಬ್ಬರದು ಇಂಗ್ಲಿಷ್, ಹೀಗಿರುವಾಗ ಮಾತಿಲ್ಲದ್ದೇ ಅನುಕೂಲವಾಯಿತು.

1943ರ ಡಿಸೆಂಬರ್ 27ರಂದು ಮೊದಲ ಕಚೇರಿ. ಮೂವತ್ತು ಜನ ಹಾಡುಗಾರರು. ನಿಂತು ಹಾಡುವಷ್ಟು ತ್ರಾಣವಿಲ್ಲದೆ ಕೂತೇ ಹಾಡಿದರು. ಚೆಕ್ ಸಂಗೀತಕಾರ ದ್ವೊರ್ಜಾಕ್‌ನ 'ನ್ಯೂ ವರ್ಲ್ಡ್' ಸಿಂಫನಿಯ ನಿಧಾನಗತಿಯ ಭಾಗದಿಂದ ಶುರು. ಇಷ್ಟೊಂದು ಜನ ಒಟ್ಟುಗೂಡಿದ್ದು ಕಂಡು ಕಾವಲುಗಾರನೊಬ್ಬ ಕೂಗಾಡುತ್ತ ನುಗ್ಗಿ ಬಂದನಂತೆ, ಬಂದವನು ಕೊನೆಯವರೆಗೂ ಸುಮ್ಮನೆ ನಿಂತು ಕೇಳಿದನಂತೆ. ಈ ಕತೆ ಹೇಳುವವರೆಲ್ಲ ಇಲ್ಲಿಗೆ ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಾರೆ.

ನನಗೆ ಆ ಕಾವಲುಗಾರ ಮುಖ್ಯ ಅನ್ನಿಸುವುದಿಲ್ಲ. ಅದಕ್ಕೆ ಮುಂಚಿನ ಪ್ರಾಕ್ಟೀಸ್ ಮುಖ್ಯ. ಹಗಲೆಲ್ಲ ಸೌದೆ ಒಡೆದು, ನೀರು ಹೊತ್ತು, ಹಿಡಿ ಅನ್ನ ತಿಂದವರಿಗೆ ಇವತ್ತು ಇಷ್ಟು ಹೊತ್ತಿಗೆ ಎರಡನೇ ಆಲ್ಟೊದವರು, ಅಂದರೆ ತಗ್ಗಿನ ಧ್ವನಿಯವರು, ಬರಬೇಕು ಅಂತ ಯಾರೋ ಹೇಳುತ್ತಿದ್ದರಲ್ಲ! ಬಂದರೆ ಸಾಲದು, ಮೊನ್ನೆ ತಪ್ಪಿದ ಜಾಗ ಸರಿಪಡಿಸಿಕೊಂಡು ಬರಬೇಕು. ಸೆರೆಯಲ್ಲಿ ನಾಳೆ ಅನ್ನುವುದಕ್ಕೆ ಅರ್ಥವೇ ಇರುವುದಿಲ್ಲ. ಇವರಿಗೆ ನಾಳೆ ಒಂದು ಕೆಲಸವಿತ್ತು.

ಕ್ವಾಯರ್‌ನಲ್ಲಿ ಹಾಡದವರಿಗೆ ಗೊತ್ತಿರದ ಒಂದು ಗುಟ್ಟು ಹೇಳುತ್ತೇನೆ. ಉದ್ದ ಸ್ವರ ಹಿಡಿಯುವಾಗ ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಸ್ವರ ಕಡಿಯುತ್ತದೆ. ಅದಕ್ಕೆ ಪಕ್ಕದವಳು ಹಾಡುವಾಗ ನಾನು ಕದ್ದು ಉಸಿರೆಳೆಯಬೇಕು, ಅವಳು ಎಳೆಯುವಾಗ ನಾನು ಹಾಡುತ್ತಿರಬೇಕು. ಕೇಳುವವರಿಗೆ ನಾವು ಉಸಿರೇ ಎಳೆಯದೆ ಹಾಡಿದ ಹಾಗೆ ಕೇಳಿಸುತ್ತದೆ. ಆ ಹಸಿದ ಹೆಂಗಸರಿಗೆ ಎಷ್ಟು ಉಸಿರಿತ್ತೋ, ಎಷ್ಟು ಸಲ ಕದ್ದರೋ!

ನಮ್ಮ ಪಕ್ಕದ ಮನೆಯಲ್ಲಿ ಶನಿವಾರ ಭಜನೆ. ನನಗೆ ತುಂಬ ಇಷ್ಟ, ಕರೆದಾಗ ಹೋಗಿ ತಾಳವನ್ನೂ ಹಾಕುತ್ತೇನೆ. ಅಲ್ಲಿ ಎಲ್ಲರದೂ ಒಂದೇ ಧಾಟಿ. ಇಬ್ಬರು ಬಾರದಿದ್ದರೂ ಹಾಡು ಪೂರ್ತಿಯೇ. ನಾಲ್ಕು ಧ್ವನಿಯ ಹಾಡು ಹಾಗಲ್ಲ. ಆಲ್ಟೊ ಇಲ್ಲದಿದ್ದರೆ ಅಷ್ಟು ಜಾಗ ತೂತು. ಆ ಸೆರೆಯ ಹಾಡುಗಾರರಿಗೆ ಆದದ್ದೂ ಅದೇ. ಮಲೇರಿಯಾ, ಬೆರಿಬೆರಿ, ಹಸಿವು. 1945ರ ಹೊತ್ತಿಗೆ ಹಾಡುಗಾರರಲ್ಲಿ ಅರ್ಧದಷ್ಟು ಮಂದಿ ತೀರಿಕೊಂಡರು. ಡ್ರೈಬರ್ಗ್ ಅದೇ ಏಪ್ರಿಲ್‌ನಲ್ಲಿ ಹೋದರು, ಯುದ್ಧ ಮುಗಿಯಲು ನಾಲ್ಕೇ ತಿಂಗಳಿದ್ದಾಗ. ಹಾಡು ನಿಂತಿತು. ಹಾಡು ಅವರನ್ನು ಉಳಿಸಲಿಲ್ಲ, ಮದ್ದಿನ ಮಾತು ಆಡುವವರು ಇದನ್ನೂ ಫಾರ್ವರ್ಡ್ ಮಾಡಲಿ. ಆದರೆ ಸ್ವರಲಿಪಿ ಉಳಿಯಿತು. ಈಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೆಂಗಸರ ಕ್ವಾಯರ್ ಒಂದು ಅದನ್ನು ಮತ್ತೆ ಹಾಡಿತು.

ಇನ್ನೊಂದು ವಿಪರೀತವೂ ಇದೆ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಕ್ವಾಯರ್‌ನ ಪ್ರಾಕ್ಟೀಸಿಗೆ 61 ಮಂದಿ ಸೇರಿದ್ದರು. 53 ಮಂದಿ ಕೊರೊನಾ ಲಕ್ಷಣಗಳಿಂದ ಮಲಗಿದರು, ಇಬ್ಬರು ತೀರಿಕೊಂಡರು. ಉಸಿರು ಹಂಚಿಕೊಳ್ಳುವುದೇ ಅಪಾಯವಾಯಿತು. ನಾವೂ ಬಾಗಿಲು ಹಾಕಿದೆವು. ಜೂಮ್‌ನಲ್ಲಿ ಹಾಡಲು ಹೋಗಿ ಒಬ್ಬೊಬ್ಬರ ಧ್ವನಿ ಒಂದೊಂದು ಹೊತ್ತಿಗೆ ಬಂದು, ನಕ್ಕು ಸುಸ್ತಾಗಿ ಬಿಟ್ಟುಬಿಟ್ಟೆವು.

ಮರುವರ್ಷ ಮತ್ತೆ ಸೇರಿದಾಗ ಆಲ್ಟೊ ಸಾಲಿನ ಆಂಟಿ ಇರಲಿಲ್ಲ. ನನಗೆ ಸ್ವರ ತಪ್ಪಿದಾಗೆಲ್ಲ ಮೊಣಕೈಯಿಂದ ತಿವಿಯುತ್ತಿದ್ದವರು. ಮಾಸ್ಟರ್ ನನ್ನನ್ನು ಸೊಪ್ರಾನೊದಿಂದ ಎಬ್ಬಿಸಿ, "ನೀವು ಅಲ್ಲಿ ಕೂತ್ಕೊಳ್ಳಿ" ಅಂದರು. ಇಷ್ಟು ವರ್ಷ ರಾಗದ ಮೇಲುಸಾಲು ಹಾಡಿ ಮೆರೆದವಳಿಗೆ ನಡುವಿನ ಸಾಲು ಇವತ್ತಿಗೂ ಸಲೀಸಾಗಿಲ್ಲ. ಮೂರನೇ ಚರಣದಲ್ಲಿ ಗ್ಯಾರಂಟಿ ಜಾರುತ್ತೇನೆ. ಶುಕ್ರವಾರ ಪ್ರಾಕ್ಟೀಸ್ ಇದೆ, ಅಷ್ಟರೊಳಗೆ ಆ ಒಂದು ಜಾಗ ಕಲಿತು ಹೋಗಬೇಕು.