ಕಣಜ ಜಾಸ್ತಿಯಾದರೆ ಕೀಟ ಕಡಿಮೆಯಾಗುತ್ತದಾ?

‘ಹೆಚ್ಚು ಜಾತಿಯ ಪರಾವಲಂಬಿ ಕಣಜ ಬಿಟ್ಟಷ್ಟೂ ಕಾಡಿನ ಕೀಟ ಬೇಗ ನಾಶ’ ಎಂಬ ಸಂದೇಶ ಓಡಾಡುತ್ತಿದೆ. ಈ ಕಣಜಗಳು ಬೇರೆ ಕೀಟದ ಮೇಲೋ ಒಳಗೋ ಮೊಟ್ಟೆಯಿಡುತ್ತವೆ; ಮರಿಗಳು ಆ ಕೀಟವನ್ನೇ ತಿಂದು ಬೆಳೆಯುತ್ತವೆ. ಲೆಕ್ಕ ಅಷ್ಟು ಸುಲಭವಲ್ಲ.

ಒಂದೇ ಹುಳುವಿನೊಳಗೆ ಎರಡು ಜಾತಿಯ ಕಣಜಗಳು ಮೊಟ್ಟೆಯಿಟ್ಟರೆ, ಮರಿಗಳು ಒಳಗೇ ಕಾದಾಡುತ್ತವೆ. ಕೆಲವಕ್ಕೆ ಕುಡುಗೋಲಿನಂಥ ದವಡೆ. ಎದುರಾಳಿಯನ್ನು ಕಚ್ಚಿಯೇ ಕೊಲ್ಲುತ್ತವೆ. ಸಾಮಾನ್ಯವಾಗಿ ಉಳಿಯುವುದು ಒಂದೇ ಜಾತಿ. ಹುಳು ಹೇಗೂ ಸತ್ತಿತು, ಅಲ್ವಾ? ಹೌದು, ಆದರೆ ಸೋತ ಕಣಜದ ಮೊಟ್ಟೆ ಸುಮ್ನೆ ದಂಡ.

ಹಾಗಂತ ಒಂದೇ ಜಾತಿ ಸಾಕು ಎಂದೂ ಅಲ್ಲ. ಅಮೆರಿಕದಲ್ಲಿ ಆಶ್ ಮರ ಕೊರೆಯುವ ಹಸಿರು ದುಂಬಿಯ ವಿರುದ್ಧ 2007ರಿಂದ ಕಣಜ ಬಿಡುತ್ತಿದ್ದಾರೆ. ಊಬಿಯಸ್ ಕಣಜ ದುಂಬಿಯ ಮೊಟ್ಟೆಯೊಳಗೇ ಬೆಳೆಯುತ್ತದೆ. ಟೆಟ್ರಾಸ್ಟಿಕಸ್ ಎಂಬ ಕಣಜ ತೊಗಟೆಯಡಿ ಇರುವ ದುಂಬಿಯ ಮರಿಹುಳುವನ್ನು ಹುಡುಕುತ್ತದೆ, ಆದರೆ ಅದರ ಮೊಟ್ಟೆಯಿಡುವ ಕೊಳವೆ ಗಿಡ್ಡ. ತೆಳು ತೊಗಟೆಯ ಎಳೆ ಮರಕ್ಕಷ್ಟೇ ಸಾಕು. ದಪ್ಪ ತೊಗಟೆಗೆ ಉದ್ದ ಕೊಳವೆಯ ‘ಸ್ಪೇಥಿಯಸ್ ಗ್ಯಾಲಿನೇ’ ಎಂಬ ಇನ್ನೊಂದು ಕಣಜ ಬೇಕಾಯಿತು.